ಒಂದೇ ಗೆರೆಯ ಜಿಲ್ಲೆ

ಮಕಾನದಾರರ ಪಟ್ಟಿ ಬಂದ ಮೇಲೆ ನಾಯಿಗಳಿಗೆ ಉಣ್ಣಿಜ್ವರ ಬರುವುದೇ ನಿಂತಿತು ಎಂದು ಬಾಗಲಕೋಟೆ ಸೀಮೆಯ ಜನ ನಂಬಿದ್ದರು. ನಂಬದಿರಲು ಅವರಿಗೆ ಕಾರಣವೂ ಇರಲಿಲ್ಲ.

ಪಟ್ಟಿ ಬರುವ ಮೊದಲು ಆ ಜ್ವರ ಮುಧೋಳದ ಬೇಟೆನಾಯಿಗಳ ತಳಿಯನ್ನೇ ಗುಡಿಸಿ ಹಾಕುವಷ್ಟು ಬಲಿತಿತ್ತು. ಉಣ್ಣಿ ಕಚ್ಚಿದಲ್ಲಿಂದ ರಕ್ತಕ್ಕಿಳಿಯುವ ಸೂಕ್ಷ್ಮಜೀವಿಯೊಂದು ಕೆಂಪು ಕಣದೊಳಗೆ ಹೊಕ್ಕು, ಅಲ್ಲೇ ಉಂಡು, ಅಲ್ಲೇ ಒಂದು ಎರಡಾಗಿ, ಕೊನೆಗೆ ಕಣವನ್ನೇ ಒಡೆದು ಹೊರಬಂದು ಪಕ್ಕದ ಕಣಕ್ಕೆ ನುಗ್ಗುತ್ತಿತ್ತು. ಗಾಳಿಗೆ ಸಮನಾಗಿ ಓಡುವ ನಾಯಿ ವಾರದೊಳಗೆ ನೀರಿನ ಬೋಗುಣಿಯ ತನಕವೂ ನಡೆಯಲಾರದೆ ಕೂತುಬಿಡುತ್ತಿತ್ತು. ಒಸಡು ಸುಣ್ಣದಂತೆ ಬಿಳುಚಿ, ಉಚ್ಚೆ ಕರಿ ಚಹಾದ ಬಣ್ಣಕ್ಕೆ ತಿರುಗಿ, ಸಾಯುತ್ತಿತ್ತು. ಔಷಧಿ ಕೊಟ್ಟರೆ ಕೆಲವು ಬದುಕುತ್ತಿದ್ದವು. ಆದರೆ ಬದುಕಿದ ನಾಯಿಯ ರಕ್ತದಲ್ಲಿ ಜೀವಿ ಪೂರ್ತಿ ಅಳಿಯುತ್ತಿರಲಿಲ್ಲ. ಅದನ್ನು ಕಚ್ಚಿದ ಉಣ್ಣಿ ರೋಗವನ್ನು ಇನ್ನೊಂದು ನಾಯಿಗೆ ಒಯ್ಯುತ್ತಿತ್ತು.

ಆಗ ನವನಗರದ ಶ್ವಾನ ರಕ್ತ ಪ್ರಯೋಗಾಲಯದ ಡಾ. ಅನ್ವರ ಮಕಾನದಾರರು ಬೆರಳಗಲದ ಒಂದು ಬಿಳಿ ಪಟ್ಟಿ ಮಾಡಿದರು. ನಾಯಿಯ ಕಿವಿಯಂಚಿನಿಂದ ಒಂದು ಹನಿ ರಕ್ತ ಬಿಟ್ಟರೆ ಸಾಕು. ಆ ಜೀವಿಯ ಮೈಮೇಲೆ ಮುಳ್ಳಿನಂತೆ ಎದ್ದಿರುವ ಒಂದು ಪ್ರೋಟೀನನ್ನು ಪಟ್ಟಿ ಹಿಡಿಯುತ್ತಿತ್ತು. ಜೀವಿ ಇದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದೇ ಗೆರೆ. ಕುರಿ ಕಾಯುವವನೂ ಹಿತ್ತಲಲ್ಲಿ ನಿಂತು ಓದಿಕೊಳ್ಳಬಹುದಾದ ಪರೀಕ್ಷೆ. ಸರಕಾರ ಪಟ್ಟಿಯ ಬೆನ್ನಿಗೆ ಕಾನೂನು ತಂದಿತು. ಹಂಗಾಮಿಗೊಮ್ಮೆ ಎಲ್ಲ ನಾಯಿಗಳಿಗೂ ಪರೀಕ್ಷೆ. ಎರಡು ಗೆರೆ ಬಂದ ನಾಯಿಯನ್ನು ಒಯ್ದು ಸೂಜಿ ಚುಚ್ಚಿ ಮಲಗಿಸುವುದು.

ಮೊದಲ ವರ್ಷಗಳಲ್ಲಿ ಜನ ನಾಯಿಗಳನ್ನು ಕಬ್ಬಿನ ಗದ್ದೆಯಲ್ಲಿ ಬಚ್ಚಿಟ್ಟರು, ಗಾಡಿ ಬಂದಾಗ ಅಡ್ಡ ಮಲಗಿದರು, ಅತ್ತರು. ಆಮೇಲೆ ರೂಢಿಯಾಯಿತು. ಎರಡು ಗೆರೆ ವರ್ಷದಿಂದ ವರ್ಷಕ್ಕೆ ಅಪರೂಪವಾಗಿ ಒಂದು ದಿನ ಕಾಣದೇ ಹೋಯಿತು. ಜಿಲ್ಲೆಯ ಗಡಿಗಳಲ್ಲಿ ‘ಉಣ್ಣಿಜ್ವರಮುಕ್ತ ಜಿಲ್ಲೆ’ ಎಂಬ ಫಲಕ ಎದ್ದಿತು. ಮಾತಿನಲ್ಲೂ ಗೆರೆ ಸೇರಿಕೊಂಡಿತು. ಬೀಗರು ಹೇಗಿದ್ದಾರೆ ಎಂದು ಯಾರಾದರೂ ಕೇಳಿದರೆ, ‘ಒಂದs ಗೆರಿ ಮಂದಿ’ ಎಂದರೆ ಸಾಕಿತ್ತು. ಚೊಕ್ಕ ಜನ, ಹುಳುಕಿಲ್ಲ ಎಂದು ಅರ್ಥ.

ಡಾ. ದಾಕ್ಷಾಯಣಿ ಬೀಳಗಿ ಮಕಾನದಾರರ ಕೈಕೆಳಗೆ ಪಳಗಿದವಳು. ಸೂಜಿ ಹಿಡಿದು ಊರೂರು ತಿರುಗಿದ ತಂಡದಲ್ಲಿ ಅವಳೂ ಇದ್ದಳು. ಎಷ್ಟೋ ನಾಯಿಗಳು ಅವಳ ಮೊಣಕಾಲಿಗೆ ತಲೆ ಆನಿಸಿಯೇ ಕಣ್ಣು ಮುಚ್ಚಿದ್ದವು. ಈಗ ಅವಳು ಪ್ರಯೋಗಾಲಯದ ಎರಡನೆಯ ಅಧಿಕಾರಿ. ಮದುವೆಯಾಗಿರಲಿಲ್ಲ. ಲೋಕಾಪುರದ ಹಾದಿಯಲ್ಲಿರುವ ತಮ್ಮ ಈರಪ್ಪನ ಮನೆಯೇ ಅವಳಿಗೆ ಮನೆ. ಈರಪ್ಪ ಬೇಟೆನಾಯಿಗಳನ್ನು ಸಾಕಿ ಬೆಳೆಸುತ್ತಿದ್ದ. ಅವನ ಅಂಗಳದ ಮರಿಗಳು ಗಡಿ ಕಾಯುವ ಪಡೆಗಳಿಗೂ ಹೋಗುತ್ತಿದ್ದವು. ಅವನ ಹೆಂಡತಿ ಕಸ್ತೂರಿ ಮದುವೆಯಾಗಿ ಬಹಳ ವರ್ಷಕ್ಕೆ ಬಸುರಿಯಾಗಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಈರಪ್ಪ ಫೋನ್ ಮಾಡಿ, ಝಾನ್ಸಿ ಊಟ ಬಿಟ್ಟಿದೆ, ಒಮ್ಮೆ ಬಂದುಹೋಗು ಎಂದ. ಝಾನ್ಸಿ ಅವನ ಅಂಗಳದ ಹಿರಿಯ ಹೆಣ್ಣುನಾಯಿ. ದಾಕ್ಷಾಯಣಿ ಹೋದಾಗ ಅದು ತಂಪು ನೆಲ ಹುಡುಕಿಕೊಂಡು ನೀರಿನ ತೊಟ್ಟಿಯ ಬುಡದಲ್ಲಿ ಮಲಗಿತ್ತು. ಕಸ್ತೂರಿ ಪಕ್ಕದಲ್ಲಿ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಮಜ್ಜಿಗೆಯಲ್ಲಿ ರೊಟ್ಟಿ ಕಿವುಚಿ ಅದರ ಬಾಯಿಗೆ ಹಿಡಿಯುತ್ತಿದ್ದಳು. ನಾಯಿ ಅವಳ ಕೈ ನೆಕ್ಕಿತೇ ಹೊರತು ತಿನ್ನಲಿಲ್ಲ. ದಾಕ್ಷಾಯಣಿ ತುಟಿ ಎತ್ತಿ ಒಸಡು ನೋಡಿದಳು. ಬಿಳಿ. ಗೋಡೆಯ ಬದಿಯಲ್ಲಿ ನಾಯಿ ಉಚ್ಚೆ ಹೊಯ್ದ ಕಲೆ ಕರ್ರಗೆ ಒಣಗಿತ್ತು.

ಅವಳು ಚೀಲದಿಂದ ಪಟ್ಟಿ ತೆಗೆದು ಕಿವಿಯಂಚನ್ನು ಚುಚ್ಚಿದಳು. ಮೂವರೂ ಬಗ್ಗಿ ನೋಡಿದರು. ಒಂದೇ ಗೆರೆ.

ಈರಪ್ಪ ಉಸಿರು ಬಿಟ್ಟ. “ಒಂದs ಬಂತಲ್ಲಕ್ಕಾ. ಅಷ್ಟ ಸಾಕು. ಉಳದದ್ದೇನರ ಇರ್ಲಿ, ನೋಡ್ಕೊಳ್ಳೂಣು.”

ಬೇರೆ ಏನಾದರೂ ಇರಬಹುದು, ಇಲಿಪಾಷಾಣ ತಿಂದಿರಬಹುದು, ಯಕೃತ್ತು ಕೆಟ್ಟಿರಬಹುದು ಎಂದು ದಾಕ್ಷಾಯಣಿ ಅವನಿಗೆ ಹೇಳಿದಳು, ತನಗೂ ಹೇಳಿಕೊಂಡಳು. ನಾಯಿಯ ಮುಂಗಾಲಿನಿಂದ ಒಂದು ಕೊಳವೆ ರಕ್ತ ತೆಗೆದುಕೊಂಡು, ಕಿವಿಯ ಹನಿಯನ್ನು ಎರಡು ಗಾಜಿನ ಮೇಲೆ ತೆಳ್ಳಗೆ ಎಳೆದು ಒಣಗಿಸಿ, ನವನಗರಕ್ಕೆ ಹೊರಟಳು.

ಪ್ರಯೋಗಾಲಯದಲ್ಲಿ ರಕ್ತವನ್ನು ಕಣ್ಣಿಟ್ಟು ನೋಡುವ ಕೆಲಸ ನಿಂತು ಬಹಳ ಕಾಲವಾಗಿತ್ತು. ಪಟ್ಟಿ ಬಂದ ಮೇಲೆ ಸೂಕ್ಷ್ಮದರ್ಶಕಗಳಿಗೆ ಹೊದಿಕೆ ಹಾಕಿ ಕಪಾಟಿಗೆ ಸೇರಿಸಿದ್ದರು. ತಂತ್ರಜ್ಞೆ ಭಾಗೀರಥಿ ವಡ್ಡರ ಕೆಲಸಕ್ಕೆ ಸೇರಿದ್ದೇ ಆಮೇಲೆ. ಆ ಜೀವಿಯನ್ನು ಅವಳು ಚಿತ್ರದಲ್ಲಿ ಬಿಟ್ಟರೆ ಕಂಡಿರಲಿಲ್ಲ. ಬಣ್ಣದ ದ್ರಾವಣವೂ ಇರಲಿಲ್ಲ. ಮಲೇರಿಯಾ ನೋಡುವವರ ಹತ್ತಿರ ಇರುತ್ತದೆಂದು ದಾಕ್ಷಾಯಣಿ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ ತರಿಸಿದಳು.

ಗಾಜಿಗೆ ಬಣ್ಣ ಹಿಡಿಸಿ, ತೊಳೆದು, ಎಣ್ಣೆಯ ಹನಿ ಬಿಟ್ಟು ಮಸೂರ ಇಳಿಸಿದಳು. ತಿಳಿ ಗುಲಾಬಿ ಕಣಗಳು ಕಣ್ಣಿಗೆ ಬಂದವು. ಅವುಗಳೊಳಗೆ ನೇರಳೆ ಬಣ್ಣದ ಉಂಗುರಗಳಿದ್ದವು. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ನಾಲ್ಕು. ಗಾಜನ್ನು ಸರಿಸಿದಳು. ಅಲ್ಲೂ ಇದ್ದವು. ಎಲ್ಲಿ ಸರಿಸಿದರೂ ಇದ್ದವು.

ಭಾಗೀರಥಿಯನ್ನು ಕರೆದು ನೋಡಿಸಿದಳು. ಆ ಹುಡುಗಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, ಪಟ್ಟಿ ಹಳೆಯದಿರಬೇಕು ಎಂದಳು. ದಾಕ್ಷಾಯಣಿಗೂ ಅದೇ ಆಸೆ. ಉಗ್ರಾಣದಲ್ಲಿದ್ದ ಬೇರೆ ಬೇರೆ ಕಂತಿನ ಪಟ್ಟಿಗಳನ್ನೆಲ್ಲ ತರಿಸಿ, ಕೊಳವೆಯ ರಕ್ತವನ್ನು ಹನಿಹನಿಯಾಗಿ ಬಿಟ್ಟಳು. ಮೇಜಿನ ಉದ್ದಕ್ಕೂ ಪಟ್ಟಿಗಳು ಮಲಗಿದವು. ಎಲ್ಲದರಲ್ಲೂ ಒಂದೇ ಗೆರೆ, ಚೊಕ್ಕ, ಕೆಂಪಗೆ.

ಝಾನ್ಸಿ ಆ ವಾರವೇ ಸತ್ತಿತು. ಅಷ್ಟರಲ್ಲಿ ದಾಕ್ಷಾಯಣಿ ಜೀವಿಯ ವಂಶವಾಹಿಯನ್ನು ಓದಿಸಿದ್ದಳು. ಜೀವಿ ಹಳೆಯದೇ, ಅನುಮಾನವೇ ಇರಲಿಲ್ಲ. ಆದರೆ ಮೈಮೇಲಿನ ಆ ಮುಳ್ಳನ್ನು ಕಟ್ಟುವ ವಂಶವಾಹಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕತ್ತರಿಯಿಂದ ಕತ್ತರಿಸಿ ತೆಗೆದ ಹಾಗೆ ಖಾಲಿ.

ಮಕಾನದಾರರು ನಿವೃತ್ತಿಯ ಅಂಚಿನಲ್ಲಿದ್ದರು. ಅವಳು ಹೇಳಿದ್ದನ್ನೆಲ್ಲ ನಡುವೆ ತಡೆಯದೆ ಕೇಳಿದರು. ಗಾಜನ್ನು ತಾವೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ಕೂತರು. ಒಂದು ಅಂಗಳದ ಮಾತೋ, ಇಡೀ ಜಿಲ್ಲೆಯ ಮಾತೋ ತಿಳಿಯಬೇಕು, ಯಾರಿಗೂ ಹೇಳದೆ ಆರೋಗ್ಯವಂತ ನಾಯಿಗಳ ರಕ್ತವನ್ನೂ ತೆಗೆದುಕೊಂಡು ಬಾ ಎಂದಷ್ಟೇ ಹೇಳಿದರು.

ಅವಳೂ ಭಾಗೀರಥಿಯೂ ಜೀಪಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ, ಹುನಗುಂದ ಎಂದು ಸುತ್ತಿದರು. ವಾಡಿಕೆಯ ಪರೀಕ್ಷೆ ಎಂದುಕೊಂಡು ಜನ ನಗುತ್ತ ನಾಯಿಗಳನ್ನು ಹಿಡಿದುಕೊಟ್ಟರು, ಚಹಾ ಕೊಟ್ಟರು. ಅಂಗಳದಲ್ಲಿ ಮಕ್ಕಳು ನಾಯಿಯ ಹೊಟ್ಟೆಗೆ ತಲೆಯಿಟ್ಟು ಮಲಗಿರುತ್ತಿದ್ದವು. ತಂದ ಗಾಜುಗಳಲ್ಲಿ ಮೂರರಲ್ಲಿ ಒಂದರಲ್ಲಿ ಉಂಗುರಗಳಿದ್ದವು. ನಾಯಿಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಜೀವಿ ಸದ್ದಿಲ್ಲದೆ ಕೂರುವುದನ್ನು ಕಲಿತಿತ್ತು. ಮೈ ದಣಿದಾಗಲೋ, ಬಸುರಾದಾಗಲೋ, ಮುಪ್ಪಾದಾಗಲೋ ಒಮ್ಮೆಗೇ ಎದ್ದು ರಕ್ತವನ್ನೆಲ್ಲ ಒಡೆಯುತ್ತಿತ್ತು.

ಆ ಫಲಿತಾಂಶ ನೋಡಿದ ದಿನ ಮಕಾನದಾರರು ಬಾಯಿಬಿಟ್ಟರು.

“ನಾವು ರೋಗ ಕೊಂದಿವಿ ಅಂತ ತಿಳಕೊಂಡಿವಿ, ದಾಕ್ಷಾಯಣಿ. ಗೆರಿ ಮೂಡಸೂ ರೋಗ ಅಷ್ಟ ಕೊಂದಿವಿ. ಮುಳ್ಳಿದ್ದ ಹುಳಾ ಇದ್ದ ನಾಯಿ ಸತ್ತುವು. ಎಲ್ಲೋ ಒಂದು ಮುಳ್ಳಿಲ್ಲದ್ದು ಹುಟ್ಟಿತ್ತು, ಅದರ ನಾಯೀನ್ನ ನಾವs ಪಟ್ಟಿ ಹಿಡದು, ಚೊಲೋ ಐತಿ ಅಂತ ಹೇಳಿ ಬಿಟ್ಟು ಬಂದಿವಿ. ವರ್ಷಾನುಗಟ್ಟಲೆ.”

ತಾನು ಮೊಣಕಾಲ ಮೇಲೆ ಮಲಗಿಸಿದ ನಾಯಿಗಳು ದಾಕ್ಷಾಯಣಿಗೆ ನೆನಪಾದವು. ಸತ್ತ ನಾಯಿಗಳ ಜಾಗವನ್ನು ಬದುಕಿಸಿಬಿಟ್ಟ ನಾಯಿಗಳ ಮರಿಗಳು ತುಂಬಿದ್ದವು. ಹೊಲದ ಕಳೆ ಕಿತ್ತು ಬಿತ್ತಿದಂತೆ ತಾವೇ ಅದನ್ನು ಬೆಳೆದಿದ್ದರು.

ಮಕಾನದಾರರು ವರದಿ ಬರೆದು ಮೇಲಕ್ಕೆ ಕಳಿಸಿದರು. ಮೇಲಿನವರು ಕರೆಸಿ ಕೇಳಿಕೊಂಡರು. ಮುಕ್ತ ಜಿಲ್ಲೆಯೆಂದು ದೇಶಕ್ಕೆಲ್ಲ ಸಾರಿಯಾಗಿದೆ, ಮರಿಗಳು ಬೇರೆ ರಾಜ್ಯಗಳಿಗೆ ಹೋಗಿವೆ, ಒಂದು ಪ್ರಯೋಗಾಲಯದ ಗಾಜು ನಂಬಿ ಗುಲ್ಲೆಬ್ಬಿಸುವುದು ಬೇಡ, ಇನ್ನೊಂದು ಕಡೆಯಿಂದ ಖಚಿತ ಮಾಡಿಕೊಳ್ಳೋಣ ಎಂದರು. ಖಚಿತ ಮಾಡಿಕೊಳ್ಳುವುದರಲ್ಲಿ ಅರ್ಧ ಬೇಸಿಗೆ ಕಳೆಯಿತು. ಬೇಸಿಗೆಯೆಂದರೆ ಉಣ್ಣಿಗಳ ಹಬ್ಬ. ಗೋಡೆಯ ಬಿರುಕು, ಕಟ್ಟಿಗೆಯ ಸಂದು, ಹಾಸಿಗೆಯ ಮಡಿಕೆ ಎಲ್ಲ ಕಡೆ ಅವು ಹರಿದಾಡುವ ಕಾಲ.

ಈರಪ್ಪನ ಅಂಗಳದಲ್ಲಿ ಎರಡು ನಾಯಿ ಸತ್ತವು. ಅವನು ಗೂಡುಗಳಿಗೆ ಮತ್ತೆ ಮತ್ತೆ ಸುಣ್ಣ ಹೊಡೆದ, ನಾಯಿಗಳಿಗೆ ಔಷಧಿಯ ಸ್ನಾನ ಮಾಡಿಸಿದ. ದಾಕ್ಷಾಯಣಿ ವಾರಕ್ಕೊಮ್ಮೆ ಹೋಗಿ ರಕ್ತ ನೋಡಿ ಬರುತ್ತಿದ್ದಳು. ಮಕಾನದಾರರ ಮಾತಿನಂತೆ ಅವಳು ತಮ್ಮನಿಗೂ ಪೂರ್ತಿ ಹೇಳಿರಲಿಲ್ಲ. ಹೇಳದೆ ಇರುವುದು ದಿನಕ್ಕಿಂತ ದಿನ ಭಾರವಾಗುತ್ತಿತ್ತು. ಅಂಥ ಒಂದು ಭೇಟಿಯಲ್ಲಿ ಕಸ್ತೂರಿ ಮಂಚದ ಮೇಲೆ ಮಲಗಿದ್ದಳು. ಎರಡು ದಿನದಿಂದ ಚಳಿಜ್ವರ, ಮಲೇರಿಯಾ ಪರೀಕ್ಷೆ ಮಾಡಿಸಿದೆವು, ಡೆಂಗ್ಯೂನೂ ಮಾಡಿಸಿದೆವು, ಏನೂ ಇಲ್ಲ ಅಂದರು ಎಂದು ಈರಪ್ಪ ಹೇಳಿದ. ಕಸ್ತೂರಿ ಎದ್ದು ಕೂತು ನಗಲು ನೋಡಿದಳು. ಅವಳ ತುಟಿ, ಉಗುರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಎಲ್ಲ ಬಿಳಿಚಿಕೊಂಡಿತ್ತು.

ದಾಕ್ಷಾಯಣಿ ಹತ್ತಿರ ಕೂತು, ಬಚ್ಚಲಿಗೆ ಹೋದಾಗ ಬಣ್ಣ ಹೇಗಿದೆ ಎಂದು ಕಿವಿಯಲ್ಲಿ ಕೇಳಿದಳು.

“ಕರಿ ಚಹಾದಾಂಗ ಹೊಕ್ಕೈತ್ರಿ ಅಕ್ಕಾರ,” ಎಂದಳು ಕಸ್ತೂರಿ. “ಉಷ್ಣ ಅಂತ ತಿಳದಿದ್ನಿ.”

ದಾಕ್ಷಾಯಣಿ ನಾಯಿಗೆಂದು ತಂದ ಸೂಜಿಯಿಂದಲೇ ಅವಳ ಬೆರಳು ಚುಚ್ಚಿ ಗಾಜಿನ ಮೇಲೆ ಎಳೆದಳು. ಈರಪ್ಪನಿಗೆ ಗಾಡಿ ತೆಗೆಯಲು ಹೇಳಿ, ಕಸ್ತೂರಿಯನ್ನು ನವನಗರದ ದೊಡ್ಡಾಸ್ಪತ್ರೆಗೆ ಸೇರಿಸಿ, ತಾನು ಅಲ್ಲಿಂದ ನೆಟ್ಟಗೆ ಪ್ರಯೋಗಾಲಯಕ್ಕೆ ಹೋದಳು. ಗಾಜಿನಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಮಸೂರದಲ್ಲಿ ಆ ನೇರಳೆ ಉಂಗುರಗಳನ್ನು ಮನುಷ್ಯನ ರಕ್ತಕಣದೊಳಗೆ ಕಂಡಾಗ ಗಾಜನ್ನು ಸರಿಸಿ ಮತ್ತೊಮ್ಮೆ ನೋಡಿದಳು.

ಆ ಜೀವಿ ಮನುಷ್ಯರ ರಕ್ತಕ್ಕೆ ಹಿಂದೆಯೂ ಬೀಳುತ್ತಿದ್ದಿರಬೇಕು. ಉಣ್ಣಿ ಕಚ್ಚದ ಮನುಷ್ಯ ಆ ಸೀಮೆಯಲ್ಲಿ ಯಾರು? ಆದರೆ ಬಿದ್ದ ಗಳಿಗೆಗೇ ಮನುಷ್ಯನ ಮೈ ಅದನ್ನು ಗುರುತಿಸಿ ಕೊಲ್ಲುತ್ತಿತ್ತು. ಯಾವುದರಿಂದ ಗುರುತಿಸುತ್ತಿತ್ತು ಎಂಬುದು ಈಗ ತಿಳಿಯಿತು. ಮಕಾನದಾರರ ಪಟ್ಟಿ ಹಿಡಿಯುತ್ತಿದ್ದ ಅದೇ ಮುಳ್ಳನ್ನು ಮನುಷ್ಯನ ರಕ್ತವೂ ಹಿಡಿಕೆಯಂತೆ ಹಿಡಿಯುತ್ತಿತ್ತು. ಹಿಡಿಕೆ ಹೋದ ಮೇಲೆ ಹಿಡಿಯುವುದೆಲ್ಲಿ?

ಆಸ್ಪತ್ರೆಯ ವೈದ್ಯರು ಮೊದಲು ನಂಬಲಿಲ್ಲ. ಅವಳು ಗಾಜು ತಂದು ತೋರಿಸಿದ ಮೇಲೆ ನಂಬಿದರು. ಮಲೇರಿಯಾಕ್ಕೆ ಕೊಡುವ ಒಂದು ಮದ್ದನ್ನೂ ಅದರ ಜೊತೆ ಇನ್ನೊಂದನ್ನೂ ಸೇರಿಸಿ ಕೊಟ್ಟರು. ಕಸ್ತೂರಿಗೆ ರಕ್ತ ಬೇಕಾಗಿತ್ತು. ಈರಪ್ಪನ ಗೆಳೆಯರು, ಅಕ್ಕಪಕ್ಕದ ಹೊಲದವರು ಓಡಿ ಬಂದರು. ಎಲ್ಲರೂ ಎತ್ತಿನಂಥ ಆಳುಗಳು, ಒಬ್ಬರಿಗೂ ನೆಗಡಿ ಕೂಡ ಇರಲಿಲ್ಲ. ದಾಕ್ಷಾಯಣಿ ಅವರ ರಕ್ತವನ್ನು ಕೊಡುವ ಮೊದಲು ತಾನು ನೋಡುತ್ತೇನೆಂದು ಹಟ ಹಿಡಿದಳು. ಮೊದಲನೆಯವನಲ್ಲಿ ಇತ್ತು. ಎರಡನೆಯವನಲ್ಲಿ ಇರಲಿಲ್ಲ. ಮೂರನೆಯವನಲ್ಲಿ ಇತ್ತು. ಸಾಲಿನಲ್ಲಿ ತೋಳು ಮಡಚಿ ನಿಂತಿದ್ದವರು ಏನಾಯಿತು ಎಂಬಂತೆ ಅವಳ ಮುಖ ನೋಡಿದರು. ರಕ್ತನಿಧಿಯಲ್ಲಿ ತಂಪಿಗಿಟ್ಟಿದ್ದ ಚೀಲಗಳನ್ನು ತೆಗೆಸಿ ನೋಡಿದಾಗ ಅವುಗಳಲ್ಲೂ ಇತ್ತು. ಅಲ್ಲಿಂದ ಎಷ್ಟು ಜನರ ಮೈಗೆ ಇಳಿದಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಚೊಕ್ಕ ರಕ್ತ ಸಿಕ್ಕಿತು; ಕಸ್ತೂರಿ ಉಳಿದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿ ಗಂಡು ಕೂಸು ಹುಟ್ಟಿತು. ಅಂಗೈಯಷ್ಟು ಮುಖ, ಆದರೆ ಅಳು ಜೋರಾಗಿತ್ತು. ಈರಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಸರಕಾರ ಎಚ್ಚೆತ್ತಾಗ ತಡೆಯಿಲ್ಲದೆ ಎಚ್ಚೆತ್ತಿತು. ಜಿಲ್ಲೆಯ ಗಡಿಗೆ ತಡೆಗಂಬ ಬಿದ್ದವು, ಬಸ್ಸು ನಿಂತವು. ಮೊದಲು ನಾಯಿಗಳ ಸರದಿ. ಗೆರೆಯ ಮಾತೇ ಇರಲಿಲ್ಲ. ಎಲ್ಲ ನಾಯಿಗಳನ್ನೂ ಮುಗಿಸಬೇಕೆಂಬ ಆಜ್ಞೆ. ಈರಪ್ಪನ ಅಂಗಳಕ್ಕೆ ತಂಡ ಬಂದಾಗ ದಾಕ್ಷಾಯಣಿ ತಾನೇ ಹೋದಳು. ಬೇರೆಯವರ ಕೈಗೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಈರಪ್ಪ ಜಗಳ ಮಾಡಲಿಲ್ಲ. ಒಂದೊಂದರ ಹೆಸರು ಹಿಡಿದು ಕರೆದು, ತಾನೇ ಕೊರಳ ಪಟ್ಟಿ ಹಿಡಿದು ತಂದು, ಕಿವಿಯ ಹಿಂದೆ ಕೆರೆಯುತ್ತ ನಿಂತ. ಎಲ್ಲ ಮುಗಿದ ಮೇಲೆ ಅಕ್ಕನ ಕಡೆ ನೋಡದೆ ಒಂದು ಮಾತು ಕೇಳಿದ.

“ಆವಾಗೂ ನೀನs ಕೊಂದಿ, ಈಗೂ ನೀನs ಕೊಂದಿ. ಆವಾಗಿಂದಕ್ಕ ಏನ ಉಪಯೋಗ ಆತಕ್ಕಾ?”

ದಾಕ್ಷಾಯಣಿ ಸೂಜಿಗಳನ್ನು ಚೀಲಕ್ಕೆ ಹಾಕಿದಳು. ಸಂಜೆ ಹಳ್ಳಿಯ ಮೇಲೆ ಕವಿದ ಮೌನ ಅವಳಿಗೆ ಹೊಸದಾಗಿತ್ತು. ಒಂದೂ ಬೊಗಳು ಕೇಳದ ಊರಿನಲ್ಲಿ ಜನ ತಮ್ಮ ತಮ್ಮ ಬಾಗಿಲಲ್ಲಿ ಏನನ್ನೋ ಕಾಯುವವರಂತೆ ನಿಂತಿದ್ದರು.

ನಾಯಿಗಳ ನಂತರ ಜನರ ಸರದಿ ಬಂತು. ಹೊಸ ಪಟ್ಟಿ ಮಾಡಿಕೊಡಿ, ಜೀವಿಯ ಮೈಮೇಲೆ ಬೇರೆ ಯಾವುದಾದರೂ ಪ್ರೋಟೀನ್ ಹುಡುಕಿ ಎಂದು ಮೇಲಿನವರು ಮಕಾನದಾರರಿಗೆ ಹೇಳಿದರು. ಅವರು ಮಾಡುವುದಿಲ್ಲ ಎಂದರು. ಗೆರೆ ಬಂದವರಿಗೆ ಮನೆಯಲ್ಲೇ ಮದ್ದು ಕೊಡುವುದಾದರೆ ಮಾಡುತ್ತೇನೆ, ಹಿಡಿದೊಯ್ಯುವುದಾದರೆ ಮಾಡಲಾರೆ, ಹಿಡಿದೊಯ್ದರೆ ಜನ ಅಡಗುತ್ತಾರೆ, ಜನರ ಜೊತೆ ಜೀವಿಯೂ ಅಡಗುತ್ತದೆ, ಒಮ್ಮೆ ಕಂಡಿದ್ದೇನೆ ಎಂದರು. ಮದ್ದು ಎಲ್ಲರ ಮನೆಗೆ ಮುಟ್ಟುವಷ್ಟಿಲ್ಲ, ಬೇರೆ ದಾರಿಯಿಲ್ಲ ಎಂಬ ಉತ್ತರ ಬಂತು. ಪಟ್ಟಿಯ ಬದಲು ಗಾಜೇ ಆಗಲಿ ಎಂದು ತೀರ್ಮಾನವಾಯಿತು. ಕಪಾಟಿನ ಸೂಕ್ಷ್ಮದರ್ಶಕಗಳೆಲ್ಲ ಹೊರಬಂದವು. ಊರೂರಿನಿಂದ ಕಲಿತ ಹುಡುಗ ಹುಡುಗಿಯರನ್ನು ಆರಿಸಿ, ದಾಕ್ಷಾಯಣಿ ಅವರಿಗೆ ಉಂಗುರ ಗುರುತಿಸುವುದನ್ನು ಕಲಿಸಿದಳು. ಉಂಗುರ ಇದ್ದವರನ್ನು ಊರ ಹೊರಗಿನ ಹತ್ತಿ ಮಾರುಕಟ್ಟೆಯ ಗೋದಾಮುಗಳಲ್ಲಿ ಇಡುತ್ತಿದ್ದರು. ಅದಕ್ಕೆ ಆರೈಕೆ ಕೇಂದ್ರ ಎಂದು ಹೆಸರು. ತಗಡಿನ ಮಾಡು, ಉರಿಬಿಸಿಲು, ಸಾಲು ಮಂಚ. ತಾಯಿಗೆ ಇದ್ದು ಮಗುವಿಗೆ ಇಲ್ಲದಿದ್ದರೆ ತಾಯಿಯೊಬ್ಬಳನ್ನೇ, ಮಗುವಿಗೆ ಇದ್ದು ತಾಯಿಗೆ ಇಲ್ಲದಿದ್ದರೆ ಮಗುವನ್ನು ಮಾತ್ರ ಒಯ್ಯುತ್ತಿದ್ದರು. ಒಳಹೋದವರಲ್ಲಿ ಮರಳಿ ಬಂದವರು ಕಡಿಮೆ. ಮದ್ದು ತಡವಾಗಿ ಬರುತ್ತಿತ್ತು, ಅಷ್ಟರಲ್ಲಿ ದಣಿದ ಮೈಗಳಲ್ಲಿ ಜೀವಿ ಏಳುತ್ತಿತ್ತು.

ಕಸ್ತೂರಿಯ ರಕ್ತ ಮದ್ದಿನಿಂದ ಚೊಕ್ಕವಾಗಿತ್ತು. ಬಾಣಂತಿ ಮನೆಯಲ್ಲಿದ್ದಳು. ಸರದಿಯಂತೆ ಕೂಸಿನ ಹಿಮ್ಮಡಿಯಿಂದಲೂ ಒಂದು ಹನಿ ತೆಗೆದರು. ಆ ಗಾಜು ಉಳಿದ ಗಾಜುಗಳ ಜೊತೆ ದಾಕ್ಷಾಯಣಿಯ ಮೇಜಿಗೇ ಬಂತು.

ಮಧ್ಯಾಹ್ನದ ಹೊತ್ತು. ಅಕ್ಕಪಕ್ಕದ ಮೇಜುಗಳಲ್ಲಿ ಎಲ್ಲರೂ ತಮ್ಮ ತಮ್ಮ ಮಸೂರಕ್ಕೆ ಬಗ್ಗಿದ್ದರು. ಅವಳು ನಿಧಾನವಾಗಿ ಗಾಜನ್ನು ಸರಿಸುತ್ತ ಹೋದಳು. ಚೊಕ್ಕ ಕಣಗಳು, ಚೊಕ್ಕ ಕಣಗಳು. ಎದೆ ಹಗುರಾಗತೊಡಗಿತ್ತು. ಗಾಜಿನ ಮೇಲೆ ರಕ್ತ ತೆಳ್ಳಗಾಗಿ ಮುಗಿಯುವ ತುದಿಯ ಹತ್ತಿರ ಒಂದು ಕಣದೊಳಗೆ ಪುಟ್ಟ ಉಂಗುರ ಕಂಡಿತು. ಬಣ್ಣದ ಕಸವಿರಬಹುದೆಂದು ಸರಿಸಿದಳು. ಇನ್ನೊಂದು ಕಂಡಿತು. ಮುಂದೆ, ಒಂದೇ ಕಣದಲ್ಲಿ ಜೋಡಿಯಾಗಿ ಎರಡು.

ಅವಳು ಕಣ್ಣು ತೆಗೆಯಲಿಲ್ಲ. ತೆಗೆದರೆ ಯಾರಾದರೂ ಮುಖ ನೋಡಿಯಾರು ಎಂದು ಭಯ. ಕೂಸು ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ಜ್ವರವಿಲ್ಲ. ಗೋದಾಮಿನ ತಗಡಿನ ಕೆಳಗೆ ತಾಯಿಯ ಹಾಲಿಲ್ಲದೆ ಅದು ಒಂದು ವಾರ ಬದುಕುವುದಿಲ್ಲ. ಮದ್ದಿನ ಅಳತೆ ತನಗೆ ಗೊತ್ತು. ಮನೆಯಲ್ಲೇ ಕೊಡಬಹುದು, ತಾನೇ ಕಾಯಬಹುದು. ಒಂದು ಕೂಸು, ಇಡೀ ಜಿಲ್ಲೆಯಲ್ಲಿ ಒಂದು. ಹಾಗೆ ಲೆಕ್ಕ ಹಾಕುತ್ತಿರುವಾಗಲೇ ಆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ತಿಳಿದಿತ್ತು. ಒಂದನ್ನೂ ಬಿಡಬಾರದೆಂದು ಉಳಿದವರಿಗೆ ಕಲಿಸಿದವಳೇ ಅವಳು.

ಫಲಿತಾಂಶ ಬರೆದುಕೊಳ್ಳುತ್ತಿದ್ದ ಭಾಗೀರಥಿ ಪಕ್ಕದಲ್ಲಿ ಬಂದು ನಿಂತು, ಈ ಗಾಜು ಏನು ಮೇಡಂ ಎಂದು ಕೇಳಿದಳು.

“ಇಲ್ಲ,” ಎಂದಳು ದಾಕ್ಷಾಯಣಿ. “ಚೊಕ್ಕ ಐತಿ.”

ಭಾಗೀರಥಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ತಲೆಯಾಡಿಸಿ ಮುಂದಿನ ಮೇಜಿಗೆ ಹೋದಳು.

ಆ ಸಂಜೆಯಿಂದ ದಾಕ್ಷಾಯಣಿ ದಿನವೂ ತಮ್ಮನ ಮನೆಗೆ ಹೋಗಿ ಕೂಸಿನ ಬಾಯಿಗೆ ಹನಿಹನಿಯಾಗಿ ಮದ್ದು ಹಾಕಿದಳು. ಶಕ್ತಿಗೆ ಎಂದು ಕಸ್ತೂರಿಗೆ ಹೇಳಿದಳು. ಕಸ್ತೂರಿ ಏನನ್ನೂ ಕೇಳಲಿಲ್ಲ. ಮದ್ದು ಸಾಕೋ ಸಾಲದೋ ತಿಳಿಯಲು ಮತ್ತೆ ರಕ್ತ ತೆಗೆಯಬೇಕಿತ್ತು. ಇಂದು ಬೇಡ ನಾಳೆ ಎಂದು ಅವಳು ಅದನ್ನು ಮುಂದೂಡುತ್ತ ಹೋದಳು.

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಅಂಕಿಗಳು ಇಳಿಯತೊಡಗಿದವು. ಮೊದಲು ಮುಧೋಳದ ಕಡೆಯಿಂದ, ಆಮೇಲೆ ಜಮಖಂಡಿಯ ಕಡೆಯಿಂದ, ಉಂಗುರವಿರುವ ಗಾಜು ಕಡಿಮೆಯಾದವು. ಪ್ರಯೋಗಾಲಯದಲ್ಲಿ ನಡೆದ ಸಭೆಗೆ ಬಂದ ಅಧಿಕಾರಿಯ ಮುಖ ಬೆಳಗಿತ್ತು. ಗೋಡೆಯ ನಕ್ಷೆಯಲ್ಲಿ ಕೆಂಪು ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಅವರು ಡಬ್ಬಿಗೆ ಹಾಕಿದರು. ನಾಯಿಗಳನ್ನು ಮುಗಿಸಿದ್ದು, ಜನರನ್ನು ಬೇರೆ ಇಟ್ಟಿದ್ದು ಎರಡೂ ಫಲ ಕೊಟ್ಟಿದೆ ಎಂದು ಎಲ್ಲರನ್ನೂ ಅಭಿನಂದಿಸಿದರು. ಗಾಜು ನೋಡುವ ಹುಡುಗ ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಚಪ್ಪಾಳೆ ತಟ್ಟುವಾಗ ದಾಕ್ಷಾಯಣಿ ಅವರ ಮುಖಗಳನ್ನು ನೋಡಿದಳು. ಒಬ್ಬರಿಗೂ ಸಂತೋಷವಿರಲಿಲ್ಲ. ಯಾರೂ ಇನ್ನೊಬ್ಬರ ಕಣ್ಣು ನೋಡುತ್ತಿರಲಿಲ್ಲ. ಮುಧೋಳದವನು ನೆಲ ನೋಡುತ್ತಿದ್ದ. ಭಾಗೀರಥಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಅವಳ ಅಪ್ಪನ ಗಾಜು ಹಿಂದಿನ ವಾರ ಅವಳ ಮೇಜಿಗೇ ಬಂದದ್ದು ದಾಕ್ಷಾಯಣಿಗೆ ಗೊತ್ತಿತ್ತು.

ಎಲ್ಲರೂ ಊರವರೇ. ಎಲ್ಲರಿಗೂ ಮನೆಯಿತ್ತು.

ಸಭೆ ಮುಗಿದು ಅಧಿಕಾರಿ ಹೋದ ಮೇಲೆ ಮಕಾನದಾರರು ತಮ್ಮ ಕೋಣೆಯಲ್ಲಿ ಕೂತೇ ಇದ್ದರು. ಅವರಿಗಾದರೂ ಹೇಳಿಬಿಡಬೇಕು ಎಂದು ದಾಕ್ಷಾಯಣಿ ಒಳಗೆ ಹೋದಳು. ಈರಪ್ಪನ ಕೂಸಿನ ಗಾಜು ಎಂದು ಶುರುಮಾಡಿದಳು. ಅವರು ಕೈಯೆತ್ತಿ ತಡೆದರು.

“ಹೇಳಬ್ಯಾಡ,” ಎಂದರು. “ನೀ ಹೇಳಿದ್ರ ನಾನೂ ಹೇಳಬೇಕಾಗ್ತೈತಿ. ನಮ್ಮ ಮನ್ಯಾಗ ಫಾತಿಮಾನ್ದು ನಾನs ನೋಡೀನಿ.”

ಫಾತಿಮಾ ಅವರ ಹೆಂಡತಿ. ಹೊರಗಿನ ಮೇಜುಗಳ ಮೇಲೆ ಯಾರೋ ಸೂಕ್ಷ್ಮದರ್ಶಕಗಳಿಗೆ ಹೊದಿಕೆ ಹಾಕುತ್ತಿರುವ ಸದ್ದು ಕೇಳುತ್ತಿತ್ತು.

ಸ್ವಲ್ಪ ದಿನದಲ್ಲಿ ಗಡಿಯ ತಡೆಗಂಬಗಳನ್ನು ಕಿತ್ತರು. ಬಸ್ಸು ಬಿಟ್ಟ ಮೊದಲ ಬೆಳಗ್ಗೆ ನವನಗರದ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊಲ್ಲಾಪುರ, ಹುಬ್ಬಳ್ಳಿ, ರಾಯಚೂರು, ಪುಣೆ ಎಂದು ಕಂಡಕ್ಟರುಗಳು ಕೂಗುತ್ತಿದ್ದರು. ತಿಂಗಳುಗಟ್ಟಲೆ ಸಿಕ್ಕಿಬಿದ್ದವರು ಗಂಟುಮೂಟೆ ಹೊತ್ತು ನುಗ್ಗುತ್ತಿದ್ದರು. ಬಾಣಂತನದ ಉಳಿದ ದಿನಗಳಿಗೆ ಕಸ್ತೂರಿ ಕಲಬುರ್ಗಿಯ ತವರಿಗೆ ಹೊರಟಿದ್ದಳು. ಅಲ್ಲಿ ಅವಳ ಅವ್ವನಿದ್ದಾಳೆ, ಅಣ್ಣಂದಿರ ಮಕ್ಕಳಿದ್ದಾರೆ, ಹಿತ್ತಲಲ್ಲಿ ಎರಡು ನಾಯಿಗಳಿವೆ ಎಂದು ಅವಳು ಹೇಳುತ್ತಿದ್ದಳು. ನಾಯಿ ಬೊಗಳುವುದನ್ನು ಕೇಳಿ ಎಷ್ಟು ದಿನವಾಯಿತು ಎಂದಳು.

ದಾಕ್ಷಾಯಣಿ ಕಿಟಕಿಯ ಬದಿ ಸೀಟು ಹಿಡಿದುಕೊಟ್ಟು, ಅವಳನ್ನು ಹತ್ತಿಸಿ, ಕೆಳಗೆ ನಿಂತು ಕೂಸನ್ನು ಎತ್ತಿ ಕೊಟ್ಟಳು. ಕೊಡುವಾಗ ಕೈ ತಡೆಯಿತು. ಹಿಂದೆ ನಿಂತವರು ಜರುಗ್ರಿ ಎಂದು ಗದರಿದರು. ಅವಳು ಜರುಗಿದಳು. ಬಸ್ಸು ತಿರುಗಿಕೊಂಡು ರಸ್ತೆಗೆ ಬಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ತುಂಬಿ ಹೊರಡುತ್ತಲೇ ಇದ್ದವು.